ಒಂಬತ್ತು ತೂತುಗಳ ಲೆಕ್ಕ

ಇವತ್ತು ಒಂದು ಕಾಗದದ ಕಥೆ ಹೇಳ್ತೀನಿ. ಆಳೆತ್ತರದ ಕಾಗದ. ಅದನ್ನು ಹಲಗೆಗೆ ಅಂಟಿಸಿ ಬಯಲಲ್ಲಿ ನಿಲ್ಲಿಸುತ್ತಾರೆ. ಹತ್ತು ಗಜ ದೂರದಿಂದ ಒಬ್ಬ ಕೋವಿ ಎತ್ತುತ್ತಾನೆ. ಒಂದೇ ಒಂದು ಸಲ ಟ್ರಿಗರ್ ಎಳೆಯುತ್ತಾನೆ. ಹೋಗಿ ನೋಡಿದರೆ ಕಾಗದದ ಮೇಲೆ ಒಂದಲ್ಲ, ಒಂಬತ್ತು ತೂತು! ಅವನು ಜೇಬಿನಿಂದ ಅಳತೆಪಟ್ಟಿ ತೆಗೆದು ತೂತಿನಿಂದ ತೂತಿಗೆ ಅಳೆಯುತ್ತಾನೆ. ಆಮೇಲೆ ಹದಿನೈದು ಗಜಕ್ಕೆ ಹಿಂದೆ ಸರಿಯುತ್ತಾನೆ. ಹೊಸ ಕಾಗದ, ಇನ್ನೊಂದು ಈಡು, ಮತ್ತೆ ಅಳತೆ.

ಇದಕ್ಕೆ ‘ಪ್ಯಾಟರ್ನ್’ ನೋಡುವುದು ಅಂತಾರೆ. ಶಾಟ್‌ಗನ್ ಇಟ್ಟುಕೊಂಡವರು ಜಗತ್ತಿನಾದ್ಯಂತ ಇದನ್ನು ಮಾಡುತ್ತಾರೆ. ಕೆಲಸಕ್ಕೆ ಬಾರದವರ ಹವ್ಯಾಸ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಈ ಒಂಬತ್ತು ತೂತುಗಳ ಹಿಂದೆ ಎರಡು ಸರ್ಕಾರಗಳ ಜಗಳ ಇದೆ, ಒಂದು ಸುಪ್ರೀಂ ಕೋರ್ಟ್ ತೀರ್ಪು ಇದೆ. ಕೊನೆಗೆ ನಮ್ಮದೇ ದೇಶದ ಮಕ್ಕಳ ಕಣ್ಣೂ ಇದೆ.

ಮೊದಲು ಕೋವಿಯ ವಿಚಾರ. ನಮ್ಮ ಕೊಡಗು, ಮಲೆನಾಡಿನವರಿಗೆ ಹನ್ನೆರಡು ಬೋರಿನ ಕೋವಿ ಗೊತ್ತಿರುವುದೇ. ಈ ‘ಹನ್ನೆರಡು’ ಎಲ್ಲಿಂದ ಬಂತು? ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮಪಾಲು ಮಾಡಿ ಉಂಡೆ ಕಟ್ಟಿ. ಅದರಲ್ಲಿ ಒಂದು ಉಂಡೆ ಯಾವ ನಳಿಕೆಗೆ ಸರಿಯಾಗಿ ಹೊಂದುತ್ತದೋ ಅದು ಹನ್ನೆರಡು ಬೋರು. ಒಳಗೆ ರೈಫಲ್‌ನ ಹಾಗೆ ಸುರುಳಿ ಗೀರು ಇರಲ್ಲ, ನುಣುಪು. ತೋಟೆಯೊಳಗೆ ಒಂದು ದೊಡ್ಡ ಗುಂಡಿನ ಬದಲು ಚರೆ ತುಂಬಿರುತ್ತದೆ. ಹಕ್ಕಿಗೆ ಸಣ್ಣ ಚರೆ, ಜಿಂಕೆಗೆ ದಪ್ಪ ಚರೆ. ಈ ದಪ್ಪ ಚರೆಗೇ ಅಮೆರಿಕನ್ನರು ಬಕ್‌ಶಾಟ್ ಅನ್ನೋದು. ‘ಡಬಲ್ ಆಟ್’ ಅನ್ನುವ ಅಳತೆಯ ಒಂದೊಂದು ಚರೆಯೂ ಎಂಟೂವರೆ ಮಿಲಿಮೀಟರ್‌ಗೆ ಹತ್ತಿರ. ಸಾಮಾನ್ಯವಾಗಿ ಒಂದು ತೋಟೆಗೆ ಒಂಬತ್ತು.

ಈ ಕೋವಿಗೆ ವೇಗ ತಂದುಕೊಟ್ಟವನು ಜಾನ್ ಮೋಸೆಸ್ ಬ್ರೌನಿಂಗ್. ಅಮೆರಿಕದ ಯೂಟಾ ಸೀಮೆಯ ಆಗ್ಡೆನ್ ಊರಿನವನು, ಕೋವಿ ರಿಪೇರಿ ಮಾಡುವವನ ಮಗ. ಅವನಿಗಿಂತ ಮೊದಲೇ, 1880ರ ದಶಕದಲ್ಲಿ, ಕ್ರಿಸ್ಟೋಫರ್ ಸ್ಪೆನ್ಸರ್ ಪಂಪ್ ಮಾಡುವ ಶಾಟ್‌ಗನ್ ಮಾಡಿದ್ದ. ಆದರೆ ಜನರ ಕೈಗೆ ಒಗ್ಗಿದ್ದು ಬ್ರೌನಿಂಗ್ ವಿನ್ಯಾಸದ ವಿಂಚೆಸ್ಟರ್ 1897. ನಳಿಕೆಯ ಕೆಳಗಿನ ಮರದ ಹಿಡಿಯನ್ನು ಹಿಂದಕ್ಕೆ ಎಳೆದರೆ ಖಾಲಿ ತೋಟೆ ಹೊರಗೆ, ಮುಂದಕ್ಕೆ ತಳ್ಳಿದರೆ ಹೊಸ ತೋಟೆ ಒಳಗೆ. ಕರಕ್, ಕರಕ್. ಅಷ್ಟೇ. ಟ್ರಿಗರ್ ಒತ್ತಿಯೇ ಹಿಡಿದು ಪಂಪ್ ಮಾಡುತ್ತಾ ಹೋದರೆ, ಪ್ರತಿ ಸಲ ಮುಂದಕ್ಕೆ ತಳ್ಳಿದಾಗಲೂ ಒಂದೊಂದು ಈಡು ತಾನಾಗೇ ಹಾರುತ್ತಿತ್ತು. 1957ರವರೆಗೆ ತಯಾರಾದ ಈ ಕೋವಿ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಬಾತುಕೋಳಿ ಹೊಡೆಯುವ ರೈತನ ಕೋವಿ ಅದು.

ಆ ರೈತನಿಗೆ ಒಂದೇ ಚಿಂತೆ, ಚರೆ ಎಷ್ಟು ಚದುರುತ್ತದೆ ಅನ್ನೋದು. ಅತಿಯಾಗಿ ಚದುರಿದರೆ ಹಕ್ಕಿ ಚರೆಗಳ ನಡುವೆಯೇ ತೂರಿಕೊಂಡು ಹೋಗುತ್ತದೆ. ಅದಕ್ಕೆ ನಳಿಕೆಯ ತುದಿಯನ್ನು ಕೂದಲೆಳೆಯಷ್ಟು ಕಿರಿದು ಮಾಡಿದರು. ಅದೇ ಚೋಕ್. ಕೈತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡೀತೀವಲ್ಲ, ಸುಮಾರಾಗಿ ಹಾಗೆ. 1870ರ ದಶಕದಲ್ಲಿ ಇಂಗ್ಲೆಂಡಿನ ಡಬ್ಲ್ಯು. ಡಬ್ಲ್ಯು. ಗ್ರೀನರ್ ಇದನ್ನು ಪಳಗಿಸಿ ಹೆಸರು ಮಾಡಿದ. ಅಳೆಯಲು ಒಂದು ನಿಯಮವೂ ಬಂತು. 40 ಗಜ ದೂರ, 30 ಇಂಚಿನ ವೃತ್ತ. ನೂರು ಚರೆಯಲ್ಲಿ ಎಪ್ಪತ್ತು ವೃತ್ತದೊಳಗೆ ಬಿದ್ದರೆ ಫುಲ್ ಚೋಕ್, ಚೋಕೇ ಇಲ್ಲದ ನಳಿಕೆಗೆ ನಲವತ್ತರ ಆಸುಪಾಸು. ಕಾಗದದ ಪರೀಕ್ಷೆಗೆ ಗಟ್ಟಿ ಅಳತೆಗೋಲು ಸಿಕ್ಕಿದ್ದು ಹೀಗೆ.

ಈಗ ಬನ್ನಿ 1917ಕ್ಕೆ. ಮೊದಲ ಮಹಾಯುದ್ಧ. ಫ್ರಾನ್ಸಿನ ನೆಲದಲ್ಲಿ ಕಂದಕ ತೋಡಿಕೊಂಡು ಎರಡೂ ಕಡೆಯವರು ಕೂತಿದ್ದಾರೆ. ಅಮೆರಿಕದ ಸೈನ್ಯ ಹೊಸದಾಗಿ ಬಂದಿಳಿದಿದೆ. ಕಂದಕದೊಳಗೆ ಉದ್ದನೆಯ ರೈಫಲ್ ತಿರುಗಿಸಲಿಕ್ಕೇ ಜಾಗ ಇಲ್ಲ. ತಿರುವಿನಲ್ಲಿ ಶತ್ರು ಎದುರಾದರೆ ದೂರ ಹತ್ತು ಹೆಜ್ಜೆ. ಆಗ ಅವರು ರೈತನ ಬಾತುಕೋಳಿ ಕೋವಿಯನ್ನೇ ಕೈಗೆತ್ತಿಕೊಂಡು ಅದರ ವೇಷ ಬದಲಿಸಿದರು. ನಳಿಕೆಯನ್ನು 20 ಇಂಚಿಗೆ ಇಳಿಸಿದರು. ಕೈ ಸುಡದಿರಲಿ ಅಂತ ನಳಿಕೆಯ ಮೇಲೆ ತೂತು ತೂತಿನ ಲೋಹದ ಕವಚ ಹಾಕಿದರು. ತುದಿಗೆ ಬಯೊನೆಟ್ ಸಿಕ್ಕಿಸಲು ಕೊಂಡಿ ಇಟ್ಟರು. ತೋಟೆಯಲ್ಲಿ ಒಂಬತ್ತು ಬಕ್‌ಶಾಟ್. ಹೆಸರು ‘ಟ್ರೆಂಚ್ ಗನ್’. ಕಂದಕ ಗುಡಿಸುವ ಪೊರಕೆ ಅಂತಲೂ ಕರೆದರು. ಆಗಿನ ತೋಟೆಗಳು ಕಾಗದದವು. ಕಂದಕದ ಕೆಸರು ನೀರಿಗೆ ಉಬ್ಬಿ ನಳಿಕೆಯೊಳಗೆ ಹೋಗದೆ ಸತಾಯಿಸಿದವು. ಅದಕ್ಕೆ ಹಿತ್ತಾಳೆಯ ತೋಟೆ ಮಾಡಿಸಬೇಕಾಯಿತು.

ಇಲ್ಲೇ ಒಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಿಬಿಡ್ತೀನಿ. ನಳಿಕೆ ಕತ್ತರಿಸಿದರೆ ಚರೆ ಕೊಡೆ ಬಿಚ್ಚಿದ ಹಾಗೆ ಹರಡುತ್ತದೆ ಅಂತ ಸಿನಿಮಾಗಳು ನಮಗೆ ಕಲಿಸಿವೆ. ಹಾಗೇನಿಲ್ಲ. ನಳಿಕೆಯ ಉದ್ದಕ್ಕಿಂತ ಚೋಕ್ ಮುಖ್ಯ, ತೋಟೆ ಮುಖ್ಯ. ಹಳಬರ ಅಂದಾಜು ಲೆಕ್ಕ ಏನು ಗೊತ್ತಾ? ಗಜಕ್ಕೊಂದು ಇಂಚು. ಹತ್ತು ಗಜಕ್ಕೆ ಹತ್ತು ಇಂಚಿನ ಹರವು, ಅಂದರೆ ಒಂದು ಊಟದ ತಟ್ಟೆ. ಇಪ್ಪತ್ತೈದು ಗಜಕ್ಕೆ ಇಪ್ಪತ್ತೈದು ಇಂಚು. ಅದು ಮನುಷ್ಯನ ಎದೆಗಿಂತ ಅಗಲ! ಅಲ್ಲಿಂದಾಚೆಗೆ ಕೆಲವು ಚರೆಗಳು ಗುರಿಯನ್ನು ಬಿಟ್ಟು ಪಕ್ಕದಲ್ಲಿದ್ದವನ ಕಡೆ ಹೋಗುತ್ತವೆ. ಪಕ್ಕದಲ್ಲಿ ಯಾರಿದ್ದಾರೆ ಅಂತ ಚರೆಗೆ ಗೊತ್ತಿರಲ್ಲ.

1918ರ ಜುಲೈ 21. ವೋಜ್ ಬೆಟ್ಟಗಳ ಬಕಾರಾ ಪ್ರದೇಶದಲ್ಲಿ ಅಮೆರಿಕದ 77ನೇ ಡಿವಿಷನ್ನಿನ ಸೈನಿಕನೊಬ್ಬ ಜರ್ಮನರಿಗೆ ಸೆರೆಸಿಕ್ಕ. ಸೆಪ್ಟೆಂಬರ್ 11ಕ್ಕೆ 5ನೇ ಡಿವಿಷನ್ನಿನ ಇನ್ನೊಬ್ಬ. ಇಬ್ಬರ ಬಳಿಯೂ ಇದೇ ಕೋವಿ. ಸೆಪ್ಟೆಂಬರ್ 19ಕ್ಕೆ ಜರ್ಮನ್ ಸರ್ಕಾರ ಅಧಿಕೃತವಾಗಿ ಪ್ರತಿಭಟಿಸಿತು. 1907ರ ಹೇಗ್ ಒಪ್ಪಂದ ಅನಗತ್ಯ ನೋವು ಕೊಡುವ ಆಯುಧಗಳನ್ನು ನಿಷೇಧಿಸಿದೆ, ಶಾಟ್‌ಗನ್ ಅಂಥದ್ದೇ ಅನ್ನೋದು ಅವರ ವಾದ. ಜೊತೆಗೆ ಬೆದರಿಕೆ ಬೇರೆ. ಈ ಕೋವಿ ಅಥವಾ ಇದರ ತೋಟೆ ಯಾರ ಬಳಿ ಸಿಕ್ಕರೂ ಆ ಸೆರೆಯಾಳಿನ ಪ್ರಾಣ ಹೋಯಿತು ಅಂತಲೇ ತಿಳಿಯಿರಿ ಅಂದರು.

ಹೀಗೆ ಅಂದವರು ಯಾರು ಸ್ವಾಮಿ? 1915ರ ಏಪ್ರಿಲ್ 22ರಂದು ಈಪ್ರ್ ಊರಿನ ಬಳಿ ಕ್ಲೋರಿನ್ ವಿಷಾನಿಲ ಬಿಟ್ಟು ಎದುರಾಳಿಗಳನ್ನು ಉಸಿರುಗಟ್ಟಿಸಿದವರು. ಬೆಂಕಿ ಉಗುಳುವ ಯಂತ್ರವನ್ನು ಕಂದಕಕ್ಕೆ ತಂದವರು. ಅವರಿಗೆ ಒಂಬತ್ತು ಚರೆ ಅಮಾನವೀಯ ಅನ್ನಿಸಿತು. ಅಮೆರಿಕ ಏನು ಮಾಡಿತು? ಸೇನೆಯ ಕಾನೂನು ವಿಭಾಗದ ಬ್ರಿಗೇಡಿಯರ್ ಜನರಲ್ ಸ್ಯಾಮ್ಯುಯೆಲ್ ಆನ್ಸೆಲ್ ಸೆಪ್ಟೆಂಬರ್ 26ಕ್ಕೆ ಅಭಿಪ್ರಾಯ ಬರೆದುಕೊಟ್ಟರು. ಎರಡೇ ದಿನಕ್ಕೆ ವಿದೇಶಾಂಗ ಕಾರ್ಯದರ್ಶಿ ರಾಬರ್ಟ್ ಲ್ಯಾನ್ಸಿಂಗ್ ಉತ್ತರಿಸಿದರು. ಈ ಕೋವಿ ಕಾನೂನುಬದ್ಧ, ಬಳಕೆ ಬಿಡುವುದಿಲ್ಲ, ನಮ್ಮ ಒಬ್ಬ ಸೆರೆಯಾಳನ್ನು ಕೊಂದರೂ ನಿಮ್ಮವರಿಗೆ ತಕ್ಕ ಪ್ರತೀಕಾರ ಆಗುತ್ತದೆ ಅಂದರು. ನವೆಂಬರ್ 11ಕ್ಕೆ ಯುದ್ಧವೇ ಮುಗಿಯಿತು. ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಎದುರಿನವನ ಕೈಯಲ್ಲಿದ್ದರೆ ಅದು ಕ್ರೌರ್ಯ, ನಮ್ಮ ಕೈಯಲ್ಲಿದ್ದರೆ ಆತ್ಮರಕ್ಷಣೆ. ಇತಿಹಾಸದಲ್ಲಿ ಈ ಮಾತು ಎಷ್ಟು ಸಲ ಬಂದಿಲ್ಲ ಹೇಳಿ?

ತಮಾಷೆ ಮುಂದಿದೆ. ಕಂದಕದಲ್ಲಿ ಮೊಟಕು ಶಾಟ್‌ಗನ್ ಹಿಡಿದು ಗೆದ್ದ ಅಮೆರಿಕದಲ್ಲಿ, ಆಮೇಲೆ ಗ್ಯಾಂಗ್‌ಸ್ಟರ್‌ಗಳೂ ನಳಿಕೆ ಕತ್ತರಿಸಿ ಕೋಟಿನೊಳಗೆ ಬಚ್ಚಿಟ್ಟುಕೊಳ್ಳಲು ಶುರುಮಾಡಿದರು. 1934ರಲ್ಲಿ ಕಾನೂನು ಬಂತು. 18 ಇಂಚಿಗಿಂತ ಗಿಡ್ಡ ನಳಿಕೆಗೆ ನೋಂದಣಿ, ತೆರಿಗೆ ಕಡ್ಡಾಯವಾಯಿತು. 1939ರ ಮಿಲ್ಲರ್ ಪ್ರಕರಣದಲ್ಲಿ, ಇಷ್ಟು ಗಿಡ್ಡ ಶಾಟ್‌ಗನ್ನಿಗೂ ನಾಗರಿಕ ಸೇನಾಪಡೆಗೂ ಸಂಬಂಧ ಇದೆ ಅನ್ನಲು ನಮ್ಮ ಮುಂದೆ ಪುರಾವೆ ಇಲ್ಲ ಅಂದಿತು ಅಲ್ಲಿನ ಸುಪ್ರೀಂ ಕೋರ್ಟ್. ಆ ದಿನ ಆರೋಪಿಗಳ ಪರ ವಾದಿಸಲು ಕೋರ್ಟಿನಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೆ ಲ್ಯಾನ್ಸಿಂಗ್ ಅವರ ಪತ್ರದ ನೆನಪಾದರೂ ಮಾಡುತ್ತಿದ್ದರೇನೋ!

ನಮ್ಮಲ್ಲೂ ಇದು ಆಟದ ವಿಷಯ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಕೋವಿಯ ನಳಿಕೆ ಮೊಟಕು ಮಾಡುವುದೇ ಅಪರಾಧ. 2016ರ ನಿಯಮಗಳಲ್ಲಿ 20 ಇಂಚಿಗಿಂತ ಗಿಡ್ಡ ನಳಿಕೆಯ ನುಣುಪು ಕೋವಿ ನಿರ್ಬಂಧಿತ ಪಟ್ಟಿಯಲ್ಲಿದೆ. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜಿಸುವ ಕೊಡವರಿಗೆ ಪರವಾನಗಿಯಿಂದ ವಿನಾಯಿತಿ ಇದೆ ನಿಜ. ನಳಿಕೆ ಕತ್ತರಿಸುವುದಕ್ಕೆ ಅಲ್ಲ.

ಅತ್ತ ಅಮೆರಿಕದ ಪೊಲೀಸರ ಕೈಗೆ 1950ರ ನಂತರ ರೆಮಿಂಗ್ಟನ್ 870 ಬಂತು. ಅವರು ಕೋವಿಯನ್ನು ಬದಲಿಸಿದ ದಿಕ್ಕೇ ಬೇರೆ. ಕಂದಕದ ಸೈನಿಕನಿಗೆ ಚರೆ ಹರಡಬೇಕಿತ್ತು, ಪೇಟೆಯ ಪೊಲೀಸನಿಗೆ ಹರಡಬಾರದು. ಬೀದಿಯಲ್ಲಿ ಕಳ್ಳನ ಹಿಂದೆ ಅಂಗಡಿ ಇದೆ, ಅಂಗಡಿಯಲ್ಲಿ ಗಿರಾಕಿ ಇದ್ದಾನೆ. ಹಾಗಾಗಿ ನಳಿಕೆಯ ಒಳಮೈ ತಿದ್ದಿದರು. ಗುರಿಗೆ ರೈಫಲ್ಲಿನಂಥ ಸೈಟ್ ಇಟ್ಟರು. ಚರೆಗಳು ಒಂದಕ್ಕೊಂದು ಜಜ್ಜಿಕೊಂಡು ಆಕಾರ ಕೆಟ್ಟರೆ ದಾರಿ ತಪ್ಪುತ್ತವೆ ಅಂತ ಅವುಗಳ ಸುತ್ತ ಪ್ಲಾಸ್ಟಿಕ್ ಬಟ್ಟಲು ಹಾಕಿದರು. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಕೋವಿಗಳು ಒಂದೇ ತೋಟೆಯನ್ನು ಎರಡು ರೀತಿ ಹರಡಬಹುದು. ಆದ್ದರಿಂದಲೇ ಪ್ರತಿಯೊಬ್ಬನೂ ತನ್ನ ಕೋವಿಯನ್ನು ಕಾಗದದ ಮೇಲೆ ನೋಡಿಕೊಳ್ಳಬೇಕು. ಎಷ್ಟು ಗಜದವರೆಗೆ ಒಂಬತ್ತೂ ಚರೆ ಗುರಿಯೊಳಗೇ ಇರುತ್ತವೋ ಅಲ್ಲಿಗೇ ಅವನ ಗಡಿ. ನಳಿಕೆ ಬಿಟ್ಟ ಒಂದೊಂದು ಚರೆಗೂ ಹೊಡೆದವನೇ ಹೊಣೆ. ನನ್ನ ಪ್ರಕಾರ ಈ ಕೋವಿಯ ಇಡೀ ಇತಿಹಾಸದಲ್ಲಿ ಕಲಿಯಬೇಕಾದ ಪಾಠ ಇದೊಂದೇ.

ಈ ಪಾಠವನ್ನು ನಾವು ಕಲಿತಿದ್ದೀವಾ?

2010ರಲ್ಲಿ ಕಾಶ್ಮೀರದ ಬೀದಿಗಳಲ್ಲಿ ಕಲ್ಲು ತೂರಾಟ, ಪ್ರತಿಯಾಗಿ ಗುಂಡು. ನೂರಕ್ಕೂ ಹೆಚ್ಚು ಜನ ಸತ್ತರು. ಗುಂಡಿನ ಬದಲು ಪ್ರಾಣ ತೆಗೆಯದ ಆಯುಧ ಬೇಕು ಅಂದಾಗ ಬಂದಿದ್ದು ಪೆಲೆಟ್ ಗನ್. ಅದು ಬೇರೇನೂ ಅಲ್ಲ, ಹನ್ನೆರಡು ಬೋರಿನ ಪಂಪ್ ಆ್ಯಕ್ಷನ್ ಶಾಟ್‌ಗನ್. ಒಂಬತ್ತು ದಪ್ಪ ಚರೆಯ ಬದಲು ಹಕ್ಕಿ ಹೊಡೆಯುವ ಸಣ್ಣ ಚರೆ, ಒಂದು ತೋಟೆಯಲ್ಲಿ ಸುಮಾರು 450. ಉದ್ದೇಶ ಒಳ್ಳೆಯದೇ, ಸಾಯಿಸಬಾರದು ಅನ್ನೋದು. ಆದರೆ ಚರೆ ಸಣ್ಣದಾದಷ್ಟೂ ಸಂಖ್ಯೆ ಹೆಚ್ಚು, ಸಂಖ್ಯೆ ಹೆಚ್ಚಿದಷ್ಟೂ ಯಾರಿಗೆ ತಗಲುತ್ತದೆ ಅನ್ನೋದು ಹೊಡೆದವನ ಕೈ ಮೀರಿದ್ದು. ತೊಡೆಗೆ ತಗಲಿದರೆ ಗಾಯ. ಕಣ್ಣಿಗೆ ತಗಲಿದರೆ ಜನ್ಮಪೂರ್ತಿ ಕತ್ತಲೆ.

2016ರ ಜುಲೈ 8ರಂದು ಬುರ್ಹಾನ್ ವಾನಿ ಹತನಾದ. ಕಣಿವೆ ಹೊತ್ತಿ ಉರಿಯಿತು. 32 ದಿನಗಳಲ್ಲಿ ಸುಮಾರು 13 ಲಕ್ಷ ಪೆಲೆಟ್ ಹಾರಿವೆ ಅಂತ ಸಿಆರ್‌ಪಿಎಫ್ ಹೈಕೋರ್ಟಿಗೆ ತಿಳಿಸಿತು. ಸೊಂಟದ ಕೆಳಗೆ ಗುರಿ ಇಡಬೇಕು ಅನ್ನೋದು ನಿಯಮ. ಓಡುವ, ಬಾಗುವ ಗುಂಪಿನ ಎದುರು ಅದು ಕಷ್ಟ ಅಂತಲೂ ಪಡೆ ಒಪ್ಪಿಕೊಂಡಿತು. ಕಣ್ಣಿಗೆ ಚರೆ ಹೊಕ್ಕವರಲ್ಲಿ ಮಕ್ಕಳೂ ಇದ್ದರು. ಕಲ್ಲೇಟು ತಿಂದು ತಲೆ ಒಡೆಸಿಕೊಂಡ ಜವಾನರೂ ಇದ್ದರು. ಎರಡೂ ನಿಜ. 2017ರಲ್ಲಿ ಪಡೆ ತನ್ನ ಕೋವಿಗಳನ್ನು ಬದಲಿಸಿತು. ಚರೆ ಮೇಲಕ್ಕೆ ಹಾರದಂತೆ ತಡೆಯಲು ನಳಿಕೆಯ ತುದಿಗೆ ಲೋಹದ ಡಿಫ್ಲೆಕ್ಟರ್ ಕೂರಿಸಿತು. ಒಳ್ಳೆಯ ಕೆಲಸವೇ. ಆದರೆ ಕಣ್ಣು ಹೋದ ಮೇಲೆ ಬಂದ ಬದಲಾವಣೆ ಅದು.

ಆ ದಿನಗಳಲ್ಲಿ ನಾನೂ ಸ್ಟುಡಿಯೋದಲ್ಲಿ ಕೂತು ಚರ್ಚೆ ನಡೆಸಿದೆ. ಒಂದು ಕಡೆ ಸೇನೆಯ ಪರ, ಇನ್ನೊಂದು ಕಡೆ ವಿರೋಧ, ನಡುವೆ ನನ್ನ ಗಂಟಲು. ದೇಶಭಕ್ತಿಯ ಪ್ರಶ್ನೆ ಕೇಳಿದೆ, ಮಾನವ ಹಕ್ಕಿನ ಪ್ರಶ್ನೆ ಕೇಳಿದೆ. ಒಂದು ಪ್ರಶ್ನೆ ಮಾತ್ರ ಕೇಳಲಿಲ್ಲ. ಇಪ್ಪತ್ತು ಗಜಕ್ಕೆ ಈ ಕೋವಿಯ ಚರೆ ಎಷ್ಟು ಅಗಲ ಹರಡುತ್ತದೆ? ಅಳೆದ ಕಾಗದ ಎಲ್ಲಿ? ಆ ಕಾಗದವನ್ನು ನಿಮ್ಮ ಮುಂದೆ ಹಿಡಿದಿದ್ದರೆ ಒಂದು ಗಂಟೆಯ ಕೂಗಾಟ ಬೇಕಿರಲಿಲ್ಲ. ತೂತುಗಳನ್ನು ನೋಡಿ ನೀವೇ ತೀರ್ಮಾನ ಮಾಡುತ್ತಿದ್ದಿರಿ.

ಬಾತುಕೋಳಿ ಹೊಡೆಯಲು ಹೊರಟ ರೈತ ಕೂಡ ಮೊದಲು ಕಾಗದ ನಿಲ್ಲಿಸಿ ತೂತು ಎಣಿಸುತ್ತಿದ್ದ. ಮನುಷ್ಯರತ್ತ ಕೋವಿ ತಿರುಗಿಸುವ ಯಾವುದೇ ಸರ್ಕಾರ ಅಷ್ಟಾದರೂ ಮಾಡಬೇಕು. ಎಣಿಸಿದ ಮೇಲೆ ಆ ಕಾಗದವನ್ನು ಜನರಿಗೂ ತೋರಿಸಬೇಕು. ಅವರು ತೋರಿಸದಿದ್ದರೆ ಕೇಳಬೇಕಾದ್ದು ನಮ್ಮಂಥವರ ಕೆಲಸ. ಅವತ್ತು ನಾನು ಕೇಳಲಿಲ್ಲ. ಅದಕ್ಕೇ ಇವತ್ತು ಈ ಕಥೆ ಹೇಳಿದೆ.