ಬಸಿದದ್ದೆಲ್ಲ ವ್ಯರ್ಥವೆ?

ಭಾಷಾಂತರದ ತರಗತಿಯಲ್ಲಿ ‘ಮನಿ ಡೌನ್ ದಿ ಡ್ರೈನ್’ ಎಂಬ ಇಂಗ್ಲಿಷ್ ನುಡಿಗಟ್ಟು ಬಂದಿತು. ಹುಡುಗರು ‘ಹಣ ಚರಂಡಿಗೆ ಹೋಯಿತು’ ಎಂದು ಬರೆದರು. ಅರ್ಥಕ್ಕೇನೋ ಭಂಗವಿಲ್ಲ; ಆದರೆ ಕನ್ನಡದ ಜಾಯಮಾನಕ್ಕೆ ಒಗ್ಗಲಿಲ್ಲ. ‘ನೀರುಪಾಲಾಯಿತು’ ಎನ್ನಬಹುದು, ‘ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತಾಯಿತು’ ಎಂದೂ ಹೇಳಬಹುದು ಎಂದೆ. ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯ ಕಡೆಯ ಹುಡುಗನೊಬ್ಬ ಎದ್ದು, “ನಮ್ಮಲ್ಲಿ ಹೊಳೆಯೆಲ್ಲಿದೆ ಸಾರ್? ನಮ್ಮಪ್ಪನ ಹಣ ಹೋದದ್ದು ನೀರಿಗಲ್ಲ, ನೀರಿಲ್ಲದ ಬೋರಿಗೆ” ಎಂದ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಸಾವಿರ ಅಡಿ ಕೊರೆದರೂ ಬರಿಯ ಧೂಳೇಳುವ ಸೀಮೆ ಅದು.

ಈ ನುಡಿಗಟ್ಟು ಬಹಳ ಹಳೆಯದೇನಲ್ಲ. ಬಳಕೆಯಲ್ಲಿ ಬೇರೂರಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದು ನಲ್ಲಿ, ತೊಟ್ಟಿ, ಕೊಳವೆಗಳಿರುವ ಮನೆಯ ಮಾತು. ಕೊಳವೆಯೊಳಕ್ಕೆ ಇಳಿದದ್ದು ಕಣ್ಣಿಗೆ ಮರೆ, ಮರೆಯಾದದ್ದು ನಷ್ಟ. ಆದರೆ ‘ಡ್ರೈನ್’ ಎಂಬ ಪದ ಮಾತ್ರ ಪುರಾತನವಾದದ್ದು. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ‘ಸೋಸು’ ಎಂದು. ಒಣಗಿದ್ದು ಎಂಬರ್ಥದ ‘ಡ್ರೈ’ಗೂ ಅದಕ್ಕೂ ಬೇರು ಒಂದೇ. ನಮ್ಮ ಸಂಪತ್ತು ಇಂಗ್ಲೆಂಡಿಗೆ ಹರಿದುಹೋಗುತ್ತಿದ್ದುದನ್ನು ದಾದಾಭಾಯಿ ನವರೋಜಿಯವರು ಹೆಸರಿಸಿದ್ದೂ ಈ ಪದದಿಂದಲೇ. 1901ರಲ್ಲಿ ಪ್ರಕಟವಾದ ಅವರ ಗ್ರಂಥದ ಮುಖ್ಯ ವಾದವೇ ಅದು. ಅಲ್ಲಿ ಬಸಿದದ್ದು ಮಾಯವಾಗಲಿಲ್ಲ. ಇನ್ನೊಬ್ಬರ ಪಾತ್ರೆಯನ್ನು ತುಂಬಿತು.

‘ಬಸಿ’ ಎಂದೆನಷ್ಟೆ. ಈ ಇಂಗ್ಲಿಷ್ ಪದಕ್ಕೆ ಹತ್ತಿರದ ನಮ್ಮ ಧಾತು ಇದೇ. ಗದ್ದೆಗೆ ಬಸಿಗಾಲುವೆಯುಂಟು. ಅನ್ನ ಬಸಿದ ಗಂಜಿ ದನಕ್ಕಾಗುತ್ತದೆ, ಸೀರೆಗೆ ಹಾಕುವುದಕ್ಕಾಗುತ್ತದೆ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಿಂದ ಆ ಸೀಮೆಯ ಹೆಂಗಸರು ಮಾಡುವ ಬಸ್ಸಾರಿನ ರುಚಿಯನ್ನು ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಬಸಿದದ್ದನ್ನು ಚೆಲ್ಲದೆ ಮುದ್ದೆಯ ಪಕ್ಕಕ್ಕೆ ಬಡಿಸಿದ ಜನ ನಾವು.

ಈಗ ಚರಂಡಿಯೇ ಹಿಂದಿರುಗಿ ಬಂದಿದೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ದಿನಕ್ಕೆ 21 ಕೋಟಿ ಲೀಟರಿನಂತೆ 65 ಕೆರೆಗಳನ್ನು ತುಂಬಿಸುವ ಯೋಜನೆ ಅದು. ಒಣಗಿದ್ದ ಕೆರೆಯಂಗಳದಲ್ಲಿ ಮತ್ತೆ ನೀರು ಕಾಣುವುದು ಸಣ್ಣ ಮಾತಲ್ಲ. ಆದರೆ ಆ ನೀರು ಇಂಗಿ ಕುಡಿಯುವ ನೀರಿಗೆ ಸೇರುತ್ತದೆ. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂಬ ಅಲ್ಲಿನವರ ಕೂಗನ್ನು ಬರಿಯ ತಕರಾರೆಂದು ತಳ್ಳಿಹಾಕುವಂತಿಲ್ಲ.

ಮರುದಿನ ತರಗತಿಯಲ್ಲಿ ಇದನ್ನೆಲ್ಲ ವಿವರಿಸಿ, “ನೋಡು, ‘ಡ್ರೈನ್’ ಎಂದರೆ ಮೂಲದಲ್ಲಿ ಸೋಸುವುದು, ಪೋಲಾಗುವುದಲ್ಲ” ಎಂದೆ.

“ಸರಿ ಸಾರ್,” ಎಂದ ಅದೇ ಹುಡುಗ, “ಆದರೆ ಪೂರ್ತಿ ಸೋಸಬೇಕಲ್ಲವೆ?”

ಆ ದಿನದ ಪಾಠ ಅವನದೇ ಆಯಿತು.