ಲೆಕ್ಕಕ್ಕೆ ಬಾರದ ಪ್ರಶ್ನೆಗಳು: ಅಗಳಕೋಟೆಯ ಮೊಕದ್ದಮೆಯಿಂದ ಸಿಇಟಿ, ನೀಟ್‌ವರೆಗೆ

ಕರ್ನಾಟಕದಲ್ಲಿ ವೈದ್ಯಕೀಯ ಸೀಟುಗಳ ಹಂಚಿಕೆ ಪ್ರವೇಶ ಪರೀಕ್ಷೆಯ ಅಂಕಗಳಿಗೆ ಒಳಪಟ್ಟ ಚರಿತ್ರೆಯಲ್ಲಿ ತುಮಕೂರಿಗೆ ವಿಶೇಷ ಸ್ಥಾನವಿದೆ. ಇಂದು ನಗರದ ಶೆಟ್ಟಿಹಳ್ಳಿಯಲ್ಲಾಗಲಿ, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಾಗಲಿ ಪಿಯುಸಿ ವಿಜ್ಞಾನ ಓದುವವರು ಸಿಇಟಿ, ನೀಟ್‌ಗಳನ್ನು ಸಹಜವೆಂದೇ ಒಪ್ಪಿಕೊಂಡಿದ್ದಾರೆ. ಆದರೆ ಈ ವ್ಯವಸ್ಥೆಗೆ ದಾರಿ ಮಾಡಿಕೊಟ್ಟ ಮೊಕದ್ದಮೆಗಳಲ್ಲಿ ಒಂದು, 1988ರಲ್ಲಿ ಇದೇ ನಗರದ ಅಗಳಕೋಟೆಯಲ್ಲಿ ಆರಂಭವಾದ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜಿನ ಪ್ರವೇಶಕ್ಕೆ ಸಂಬಂಧಿಸಿದ್ದು. ಸೀಟಿಗಾಗಿ ನಿಗದಿತ ಶುಲ್ಕಕ್ಕಿಂತ ಹೆಚ್ಚಾಗಿ ಪಡೆಯುವ ಹಣವನ್ನು, ಎಂದರೆ ಕ್ಯಾಪಿಟೇಷನ್ ಶುಲ್ಕವನ್ನು, ರಾಜ್ಯವು 1984ರ ಕಾಯ್ದೆಯ ಮೂಲಕ ನಿಷೇಧಿಸಿತ್ತು. ಆದರೂ 1989ರ ಜೂನ್‌ನಲ್ಲಿ ಹೊರಟ ಅಧಿಸೂಚನೆಯು ಖಾಸಗಿ ಕಾಲೇಜುಗಳ ವಾರ್ಷಿಕ ಶುಲ್ಕವನ್ನು ಸರ್ಕಾರಿ ಸೀಟಿಗೆ 2,000, ರಾಜ್ಯದ ಉಳಿದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿಯವರೆಗೆ ಗೊತ್ತುಮಾಡಿತು. ಇದನ್ನು ಪ್ರಶ್ನಿಸಿದ ಆ ಮೊಕದ್ದಮೆಯಲ್ಲಿ, ಅಂದರೆ ಮೋಹಿನಿ ಜೈನ್ ಪ್ರಕರಣದಲ್ಲಿ, ಇಂಥ ಹೆಚ್ಚುವರಿ ಶುಲ್ಕವೂ ಕ್ಯಾಪಿಟೇಷನ್ ಶುಲ್ಕವೇ ಎಂದು ಸುಪ್ರೀಂ ಕೋರ್ಟ್ 1992ರ ಜುಲೈನಲ್ಲಿ ತೀರ್ಪಿತ್ತಿತು.

ಮರುವರ್ಷ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಸೀಟುಗಳನ್ನು ಉಚಿತ ಸೀಟು, ಪಾವತಿ ಸೀಟು ಎಂದು ವಿಂಗಡಿಸಿ, ಎರಡನ್ನೂ ಅರ್ಹತೆಯ ಮೇಲೆಯೇ ತುಂಬಬೇಕೆಂದು ವಿಧಿಸಿದ್ದರಿಂದ, ಕರ್ನಾಟಕವು 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು, ಅಂದರೆ ಸಿಇಟಿಯನ್ನು, ಜಾರಿಗೆ ತಂದಿತು. ಇದರ ಅಂಕಪದ್ಧತಿ ಸರಳವಾದುದು: ಪ್ರತಿ ವಿಷಯಕ್ಕೆ 60 ಪ್ರಶ್ನೆ, ಪ್ರಶ್ನೆಗೆ ಒಂದು ಅಂಕ, ತಪ್ಪು ಉತ್ತರಕ್ಕೆ ಕಡಿತವಿಲ್ಲ. ಹಣದ ಮೇಲಿನ ಅಪನಂಬಿಕೆಯಿಂದ ಹುಟ್ಟಿದ ಈ ಪರೀಕ್ಷೆ ಬಹಿರಂಗತೆಯನ್ನೇ ತನ್ನ ಬಲವಾಗಿಸಿಕೊಂಡಿತು. ಪ್ರಶ್ನೆಪತ್ರಿಕೆ ಅಭ್ಯರ್ಥಿಯ ಕೈಯಲ್ಲೇ ಉಳಿಯುತ್ತದೆ, ಸರಿ ಉತ್ತರಗಳ ಪಟ್ಟಿ ಪ್ರಕಟವಾಗುತ್ತದೆ, ಅದರ ಮೇಲೆ ಆಕ್ಷೇಪಣೆ ಸಲ್ಲಿಸಲು ಅವಕಾಶವಿರುತ್ತದೆ.

ಅಮೆರಿಕದ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ ಬೇರೊಂದು ಹಾದಿಯಲ್ಲಿ ಬೆಳೆಯಿತು. ಅರ್ಧಕ್ಕೇ ಓದು ಬಿಡುವ ವೈದ್ಯ ವಿದ್ಯಾರ್ಥಿಗಳ ಸಂಖ್ಯೆಯನ್ನು ತಗ್ಗಿಸುವ ಸಲುವಾಗಿ 1928ರಲ್ಲಿ ಆರಂಭವಾದ ಪರೀಕ್ಷೆಯ ಈ ಉತ್ತರಾಧಿಕಾರಿಯಲ್ಲಿ ಈಗ 230 ಪ್ರಶ್ನೆಗಳಿದ್ದು, ಅವುಗಳಲ್ಲಿ ಕೆಲವಕ್ಕೆ ಅಂಕವೇ ಇರುವುದಿಲ್ಲ. ಹೊಸ ಪ್ರಶ್ನೆಯೊಂದು ಎಷ್ಟು ಕಠಿಣ, ಬಲ್ಲವರನ್ನೂ ಅರಿಯದವರನ್ನೂ ಅದು ಬೇರ್ಪಡಿಸಬಲ್ಲದೇ ಎಂಬುದನ್ನು ಮೊದಲೇ ಅರಿಯಲು ಇಂಥ ಪ್ರಾಯೋಗಿಕ ಪ್ರಶ್ನೆಗಳನ್ನು ನಡುನಡುವೆ ಸೇರಿಸಲಾಗುತ್ತದೆ. ಅವು ಯಾವುವೆಂದು ಅಭ್ಯರ್ಥಿಗೆ ತಿಳಿಯದ ಕಾರಣ ಎಲ್ಲವನ್ನೂ ಸಮಾನ ಶ್ರದ್ಧೆಯಿಂದ ಬಿಡಿಸಲೇಬೇಕು. ಸರಿ ಉತ್ತರಗಳ ಎಣಿಕೆಯನ್ನು 472ರಿಂದ 528ರ ಮಾಪನಕ್ಕೆ ಪರಿವರ್ತಿಸುವುದರಿಂದ ಬೇರೆ ಬೇರೆ ದಿನಗಳ ಪತ್ರಿಕೆಗಳ ಕಠಿಣತೆಯ ವ್ಯತ್ಯಾಸವೂ ಸರಿಹೋಗುತ್ತದೆ. ಆದರೆ ಇದೆಲ್ಲ ಸಾಧ್ಯವಾಗುವುದು ಪ್ರಶ್ನೆಗಳು ಗುಟ್ಟಾಗಿ ಉಳಿದಾಗ ಮಾತ್ರ.

ಕರ್ನಾಟಕದಲ್ಲಿ ಅಂಕವಿಲ್ಲದ ಪ್ರಶ್ನೆಗಳು ಕಾಣಿಸಿಕೊಂಡದ್ದು ಪರೀಕ್ಷೆ ಮುಗಿದ ನಂತರ. 2024ರ ಏಪ್ರಿಲ್ 18 ಮತ್ತು 19ರಂದು ನಡೆದ ಸಿಇಟಿಯಲ್ಲಿ, ಪಿಯು ಪಠ್ಯಕ್ರಮದಿಂದ ಕೈಬಿಟ್ಟಿದ್ದ ಪಾಠಗಳ ಪ್ರಶ್ನೆಗಳು ಸೇರಿಕೊಂಡಿದ್ದವು. ವಿದ್ಯಾರ್ಥಿಗಳ ಪ್ರತಿಭಟನೆಯ ಬಳಿಕ ತಜ್ಞರ ಪರಿಶೀಲನೆ ನಡೆದು, ನಾಲ್ಕು ವಿಷಯಗಳ 240 ಪ್ರಶ್ನೆಗಳಲ್ಲಿ 50ನ್ನು ಮೌಲ್ಯಮಾಪನದಿಂದ ಹೊರಗಿಡಲಾಯಿತು: ಭೌತವಿಜ್ಞಾನದಲ್ಲಿ 9, ರಸಾಯನವಿಜ್ಞಾನದಲ್ಲಿ 15, ಗಣಿತದಲ್ಲಿ 15, ಜೀವವಿಜ್ಞಾನದಲ್ಲಿ 11. ಎಂಜಿನಿಯರಿಂಗ್ ಬಯಸುವವರ ಮೂರು ವಿಷಯಗಳಲ್ಲಿ 180ರ ಬದಲು 141 ಪ್ರಶ್ನೆಗಳು ಉಳಿದವು. ಉಳಿದವುಗಳಿಗಷ್ಟೇ ಶೇಕಡಾವಾರು ಲೆಕ್ಕ ಹಾಕಿದರೆ, ಒಂದು ತಪ್ಪಿನ ತೂಕ ಶೇ 0.56ರಿಂದ ಶೇ 0.71ಕ್ಕೆ ಏರುತ್ತದೆ. ಪಾಠವಾಗದ ಪ್ರಶ್ನೆಯೊಂದಿಗೆ ಹೆಣಗಾಡಿದ ಸಮಯವನ್ನಂತೂ ಯಾವ ಸೂತ್ರವೂ ಹಿಂದಿರುಗಿಸಲಾರದು.

ಆ ವೇಳೆಗೆ ವೈದ್ಯಕೀಯ ಸೀಟುಗಳು ನೀಟ್‌ನ ವ್ಯಾಪ್ತಿಗೆ ಸೇರಿದ್ದವು. 2013ರಲ್ಲಿ ಒಮ್ಮೆ ನಡೆದು ರದ್ದಾದ ನೀಟ್ 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಮರಳಿತು, ಮತ್ತು 2017ರಲ್ಲಿ ಅದರ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯಿತು. ಇಲ್ಲಿ ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕದ ಕಡಿತ. ದೋಷದಿಂದಾಗಿ ಪ್ರಶ್ನೆಯೊಂದನ್ನು ಕೈಬಿಟ್ಟರೆ ಅದರ ನಾಲ್ಕು ಅಂಕವೂ ಎಲ್ಲರಿಗೂ ಸಲ್ಲುತ್ತದೆ. ಹೀಗಾಗಿ 2024ರ ಸಿಇಟಿಯಲ್ಲಿ ಪ್ರಶ್ನೆಗಳ ಒಟ್ಟು ಕುಗ್ಗಿದರೆ, ನೀಟ್‌ನಲ್ಲಿ 720ರ ಒಟ್ಟು ಹಾಗೆಯೇ ಉಳಿಯುತ್ತದೆ. ಆದರೆ ಒಂದು ಪ್ರಶ್ನೆಗೆ ಎರಡು ಉತ್ತರಗಳನ್ನು ಸರಿಯೆಂದು ಒಪ್ಪಿದಾಗ ತೊಡಕು ಇನ್ನಷ್ಟು ಸೂಕ್ಷ್ಮವಾಗುತ್ತದೆ. 2024ರ ನೀಟ್‌ನಲ್ಲಿ ಪರಮಾಣುಗಳ ಸ್ಥಿರತೆಯನ್ನು ಕುರಿತ ಭೌತವಿಜ್ಞಾನದ ಪ್ರಶ್ನೆಗೆ ಎನ್‌ಸಿಇಆರ್‌ಟಿಯ ಹಳೆಯ ಪುಸ್ತಕವೂ ಹೊಸ ಪುಸ್ತಕವೂ ಬೇರೆ ಬೇರೆ ಉತ್ತರಕ್ಕೆ ಒಯ್ಯುತ್ತಿದ್ದವು. ದೆಹಲಿ ಐಐಟಿಯ ಮೂವರು ತಜ್ಞರ ಸಮಿತಿ ಒಂದೇ ಉತ್ತರ ಸರಿಯೆಂದು ವರದಿ ಮಾಡಿದಾಗ, ಇನ್ನೊಂದನ್ನು ಆರಿಸಿದ್ದವರು ಸಿಕ್ಕಿದ್ದ ನಾಲ್ಕು ಅಂಕಗಳನ್ನು ಕಳೆದುಕೊಂಡು, ಕಡಿತದ ಒಂದು ಅಂಕವನ್ನೂ ತೆತ್ತರು. ಪೂರ್ಣಾಂಕ ಗಳಿಸಿದವರ ಸಂಖ್ಯೆ 61ರಿಂದ 17ಕ್ಕೆ ಇಳಿಯಿತು.

ಅಮೆರಿಕದ ಪದ್ಧತಿಯಲ್ಲೂ ಇಲ್ಲಿನ ಪದ್ಧತಿಯಲ್ಲೂ ಅಂಕವಿಲ್ಲದ ಪ್ರಶ್ನೆಯ ಹೊರೆ ಹೊರುವವನು ಅಭ್ಯರ್ಥಿಯೇ. ಎಂಕ್ಯಾಟ್‌ನಲ್ಲಿ ಆ ಹೊರೆ ಎಲ್ಲರ ಮೇಲೂ ಮೊದಲೇ ನಿಗದಿಯಾಗಿರುತ್ತದೆ. ಇಲ್ಲಿ ಪರೀಕ್ಷೆಯ ದಿನವೇ ಪ್ರಶ್ನೆ ಮೊದಲ ಬಾರಿಗೆ ಒರೆಗೆ ಬೀಳುವುದರಿಂದ, ದೋಷವಿದ್ದರೆ ಅದು ರ‍್ಯಾಂಕು ಪಟ್ಟಿಯವರೆಗೂ ಹಬ್ಬುತ್ತದೆ. ಹಾಗೆಂದು ಗುಟ್ಟಿನ ಪದ್ಧತಿಯನ್ನು ಇಲ್ಲಿಗೆ ತರುವುದು ಸುಲಭವಲ್ಲ. ಪತ್ರಿಕೆಯನ್ನು ಅಭ್ಯರ್ಥಿಗೆ ಬಿಟ್ಟುಕೊಟ್ಟದ್ದರಿಂದಲೇ 2024ರ ಆ ಐವತ್ತು ಪ್ರಶ್ನೆಗಳು ಬೆಳಕಿಗೆ ಬಂದವು. ಅಗಳಕೋಟೆಯ ಮೊಕದ್ದಮೆಯ ಕಾಲದಲ್ಲಿ ಸೀಟಿನ ಬೆಲೆಯನ್ನು ಪ್ರಶ್ನಿಸಲು ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಗಿತ್ತು, ಈಗ ಸೀಟನ್ನು ನಿರ್ಧರಿಸುವ ಒಂದೊಂದು ಅಂಕವನ್ನೂ ಅಭ್ಯರ್ಥಿಯೇ ಪ್ರಶ್ನಿಸಬಲ್ಲ.