ಮಾಸ್ತರ, ತಾಲೀಮು, ಕಮ್ಮಟ: ಬೆಳಗಾವಿ ಸೀಮೆಯಲ್ಲಿ ಮಕ್ಕಳ ಸಂಗೀತ ಶಿಕ್ಷಣ

ಪೇಟೆಗಳ ಚರಿತ್ರೆಯನ್ನು ಸಾಮಾನ್ಯವಾಗಿ ಸರಕು, ಸುಂಕ ಮತ್ತು ವರ್ತಕ ಮನೆತನಗಳ ಮೂಲಕ ಬರೆಯಲಾಗುತ್ತದೆ. ಬೆಳಗಾವಿಯ ರವಿವಾರ ಪೇಟೆಯೂ ಸಗಟು ವ್ಯಾಪಾರದ ಸ್ಥಳವೆಂದೇ ಹೆಸರಾಗಿದೆ. ಆದರೆ ಪೇಟೆಗೆ ಕಾಳುಕಡಿಯ ಜೊತೆಗೆ ಜನರ ಮಾತು, ಹಾಡು, ವಾದ್ಯಗಳೂ ಬಂದು ಸೇರುತ್ತವೆ. ಮೂಡಲಿನ ಬೈಲಹೊಂಗಲ, ಸವದತ್ತಿ, ಗೋಕಾಕ ಸೀಮೆಯ ಕನ್ನಡ ಹಾಡುಗಾರಿಕೆಯೂ ಪಡುವಣದ ಖಾನಾಪುರ ಕಾಡಂಚಿನ ಮರಾಠಿ, ಕೊಂಕಣಿ ಧಾಟಿಗಳೂ ಈ ನಗರದಲ್ಲಿ ಒಂದರ ಪಕ್ಕದಲ್ಲೊಂದು ಬಾಳಿವೆ. ಇಂಥ ಪರಿಸರದ ಮಕ್ಕಳಿಗೆ ಶಾಲೆಯಲ್ಲಿ ಸಂಗೀತವನ್ನು ಯಾರು ಕಲಿಸಬೇಕು, ಹೇಗೆ ಕಲಿಸಬೇಕು ಎಂಬ ಪ್ರಶ್ನೆ ಹೊಸದೇನೂ ಅಲ್ಲ.

ಶಿಕ್ಷಕರನ್ನು ಒಂದೆಡೆ ಕೂಡಿಸಿ, ಅವರಿಂದಲೇ ಹಾಡಿಸಿ, ಅವರ ಕೈಗೆ ತಾಳ, ದಪ್ಪು ಕೊಟ್ಟು ಸಜ್ಜುಗೊಳಿಸುವ ಕಮ್ಮಟಗಳು ಈ ಪ್ರಶ್ನೆಗೆ ಇತ್ತೀಚಿನ ದಶಕಗಳಲ್ಲಿ ದೊರೆತ ಉತ್ತರಗಳಲ್ಲಿ ಮುಖ್ಯವಾದವು. ಇವುಗಳನ್ನು ಆಧುನಿಕ ಶಿಕ್ಷಣಶಾಸ್ತ್ರದ ಕೊಡುಗೆಯೆಂದು ಪರಿಗಣಿಸುವುದು ವಾಡಿಕೆ. ಆದರೆ ಮಾಡಿ ಕಲಿಯುವ ಈ ಕ್ರಮಕ್ಕೆ ಬೆಳಗಾವಿ ಸೀಮೆಯಲ್ಲಿಯೇ ಗಟ್ಟಿಯಾದ ಪೂರ್ವಪರಂಪರೆಯಿದೆ. ಆ ಪರಂಪರೆಯನ್ನು ಗುರುತಿಸುವುದು, ಅದರ ಬೆಳಕಿನಲ್ಲಿ ಇಂದಿನ ಕಮ್ಮಟಗಳ ಬಲ ಮತ್ತು ಕೊರತೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಾಸ್ತರ ಎಂಬ ಪದ

ಉತ್ತರ ಕರ್ನಾಟಕದ ಆಡುಮಾತಿನಲ್ಲಿ 'ಮಾಸ್ತರ' ಎಂಬ ಪದಕ್ಕೆ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ. ಶಾಲೆಯಲ್ಲಿ ಅಕ್ಷರ ಕಲಿಸುವವನೂ ಮಾಸ್ತರ, ಊರಿನ ಆಟವನ್ನು ಕಲಿಸುವವನೂ ಮಾಸ್ತರ. ಹಾರ್ಮೋನಿಯಮ್ಮಿಗೆ ಇಲ್ಲಿ 'ಪೇಟಿ' ಎಂದು ಹೆಸರು. ಅದನ್ನು ನುಡಿಸುವವನು ಪೇಟಿ ಮಾಸ್ತರ. ಈ ಭಾಗದ ಜನಪ್ರಿಯ ಸಣ್ಣಾಟವಾದ 'ಸಂಗ್ಯಾ ಬಾಳ್ಯಾ' ಪತ್ತಾರ ಮಾಸ್ತರರ ಹೆಸರಿನೊಂದಿಗೆ ಬೆಸೆದುಕೊಂಡಿರುವುದನ್ನು ಇಲ್ಲಿ ನೆನೆಯಬಹುದು. ಹಾಡನ್ನು ಕಲಿಸುವುದು ಮತ್ತು ಅಕ್ಷರವನ್ನು ಕಲಿಸುವುದು ಪರಸ್ಪರ ದೂರದ ವೃತ್ತಿಗಳೆಂದು ಜನಪದರು ಭಾವಿಸಿರಲಿಲ್ಲವೆಂಬುದಕ್ಕೆ ಈ ಪದಪ್ರಯೋಗವೇ ಸಾಕ್ಷಿ.

ಆಟದ ಮಾಸ್ತರನ ಶಿಕ್ಷಣಕ್ರಮಕ್ಕೆ 'ತಾಲೀಮು' ಎಂದು ಹೆಸರು. ಸುಗ್ಗಿ ಮುಗಿದ ಮೇಲೆ, ಜಾತ್ರೆಗೆ ಮುಂಚಿನ ರಾತ್ರಿಗಳಲ್ಲಿ ಅದು ನಡೆಯುತ್ತಿತ್ತು. ಕೈಬರಹದ ಪ್ರತಿ ಮಾಸ್ತರನ ಬಳಿ ಇರುತ್ತಿತ್ತು; ಕಲಿಯುವವರಲ್ಲಿ ಓದು ಬಾರದವರೇ ಬಹಳ. ಮಾಸ್ತರ ಒಂದು ಸಾಲನ್ನು ಹಾಡಬೇಕು, ಕಲಿಯುವವರು ಮರಳಿ ಹಾಡಬೇಕು. ತಪ್ಪಿದರೆ ವಿವರಣೆಯ ಗೊಡವೆಯಿಲ್ಲ. ಅದೇ ಸಾಲು ಮತ್ತೊಮ್ಮೆ, ಮಗದೊಮ್ಮೆ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಗುರುತಿಸಲ್ಪಡುವ 'ಶ್ರೀಕೃಷ್ಣ ಪಾರಿಜಾತ'ವಾಗಲಿ, ದೊಡ್ಡಾಟವಾಗಲಿ, ತಲೆಮಾರಿನಿಂದ ತಲೆಮಾರಿಗೆ ಸಾಗಿದ್ದು ಈ ದಾರಿಯಲ್ಲಿಯೇ.

ಇಲ್ಲಿ ಮಕ್ಕಳ ಪ್ರವೇಶದ ಕ್ರಮವನ್ನು ವಿಶೇಷವಾಗಿ ಗಮನಿಸಬೇಕು. ಹುಡುಗನಿಗೆ ಮೊದಲು ದೊರೆಯುವುದು ಹಿಮ್ಮೇಳದ ಅಂಚಿನಲ್ಲಿ ಒಂದು ಜಾಗ, ಕೈಗೊಂದು ಜೋಡಿ ತಾಳ. ತಾಳ ಕೈಗೆ ಹತ್ತಿದ ಮೇಲೆ ಪಲ್ಲವಿ, ಆಮೇಲೆ ನುಡಿ, ಕೊನೆಗೆ ಪಾತ್ರ. ಗೀಗೀ ಮೇಳದಲ್ಲಿ ಮುಖ್ಯ ಹಾಡುಗಾರ ದಪ್ಪು ಹಿಡಿದರೆ ಹಿಂದಿನವರು ತುಂತುಣಿ ಮತ್ತು ತಾಳ ಹಿಡಿದು ಸೊಲ್ಲು ಕೂಡಿಸುತ್ತಾರೆ. ಸವದತ್ತಿ ಎಲ್ಲಮ್ಮನ ಚೌಡಕಿ ಮೇಳದಲ್ಲಿಯೂ ಚೌಡಕಿಯ ಜೊತೆಗೆ ಶ್ರುತಿ, ತಾಳಗಳಿಗೆ ಬೇರೆ ಬೇರೆ ಕೈಗಳುಂಟು. ಹೀಗೆ ಹೊಸಬನು ಮೊದಲ ದಿನದಿಂದಲೇ ಮೇಳದ ಒಳಗಿನವನಾಗುತ್ತಾನೆ; ಅವನ ಕೆಲಸ ಚಿಕ್ಕದಿರಬಹುದು, ಆದರೆ ಅದಿಲ್ಲದೆ ಮೇಳ ಸಾಗದು. ಸಂಗೀತ ಶಿಕ್ಷಣದ ದೃಷ್ಟಿಯಿಂದ ತಾಲೀಮಿನ ಮಹತ್ವ ಇರುವುದು ಈ ವ್ಯವಸ್ಥೆಯಲ್ಲಿ.

ಅಚ್ಚಿಗೆ ಬಂದ ಪದ, ಬಾಯಲ್ಲಿ ಉಳಿದ ಧಾಟಿ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಹಾಡುಗಳು ಬರಹದ ಲೋಕವನ್ನು ಪ್ರವೇಶಿಸಿದವು. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಅವರು ಈ ಭಾಗದ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ, 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟಿಸತೊಡಗಿದರು. 1831ರಲ್ಲಿ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಲ್ಪಟ್ಟ ಸಂಗೊಳ್ಳಿ ರಾಯಣ್ಣನ ಕಥನವೂ ಅವುಗಳಲ್ಲಿ ಸೇರಿತ್ತು. ಮುಂದೆ 1931ರಲ್ಲಿ ಹಲಸಂಗಿ ಗೆಳೆಯರ 'ಗರತಿಯ ಹಾಡು' ಹೊರಬಂದಿತು. ಅದರ ಸಂಪಾದಕರಲ್ಲೊಬ್ಬರಾದ ಸಿಂಪಿ ಲಿಂಗಣ್ಣನವರು ವೃತ್ತಿಯಿಂದ ಶಾಲಾ ಶಿಕ್ಷಕರು. ಗೋಕಾಕ ಸೀಮೆಯ ಬೆಟಗೇರಿ ಕೃಷ್ಣಶರ್ಮರೂ ಜನಪದ ಗೀತೆಗಳ ಸಂಗ್ರಹಕ್ಕೆ ದುಡಿದವರು. ಹಳ್ಳಿಯ ಹಾಡನ್ನು ಪುಸ್ತಕಕ್ಕೆ ತಂದವರ ಸಾಲಿನಲ್ಲಿ ಶಿಕ್ಷಕರು ಇದ್ದರೆಂಬುದು ಹೆಮ್ಮೆಯ ಸಂಗತಿ.

ಆದರೆ ಅಚ್ಚು ಕಾಪಾಡಿದ್ದು ಮುಖ್ಯವಾಗಿ ಪದವನ್ನು. ಧಾಟಿ ಹಾಡುವವರ ಬಾಯಲ್ಲಿಯೇ ಉಳಿಯಿತು. ಇದರ ಪರಿಣಾಮ ಶಾಲೆಯ ಪಾಠದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತ್ರಿಪದಿಯನ್ನೇ ತೆಗೆದುಕೊಳ್ಳಬಹುದು. ಪುಸ್ತಕದಲ್ಲಿ ಅದಕ್ಕೆ ಮೂರು ಸಾಲು. ಬೀಸುಕಲ್ಲಿನ ಮುಂದೆ ಹಾಡುವಾಗ ಎರಡನೆಯ ಸಾಲು ಮರಳಿ ಬಂದು ಮೂರನೆಯದಕ್ಕೆ ದಾರಿ ಮಾಡಿಕೊಡುತ್ತದೆ. ಕಲ್ಲಿನ ಸುತ್ತಿಗೂ ಉಸಿರಿನ ಏರಿಳಿತಕ್ಕೂ ಹೊಂದಿಕೊಳ್ಳುವ ರೂಪವದು. ಹಾಡಿ ತಿಳಿಯದ ಶಿಕ್ಷಕರು ಅದನ್ನು ಗದ್ಯದಂತೆ ಓದಿ, ಅರ್ಥ ಹೇಳಿ ಮುಗಿಸುತ್ತಾರೆ. ಮಗುವಿಗೆ ಪದ್ಯ ತಿಳಿಯುತ್ತದೆ, ಹಾಡು ತಿಳಿಯುವುದಿಲ್ಲ. ಪಠ್ಯಪುಸ್ತಕದಲ್ಲಿ ಜನಪದ ಗೀತೆಯನ್ನು ಸೇರಿಸಿದಷ್ಟರಿಂದಲೇ ಅದು ಮಕ್ಕಳನ್ನು ತಲುಪುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಉಪದೇಶಕ ವರ್ಗ

ಶಾಸ್ತ್ರೀಯ ಸಂಗೀತದ ಕ್ಷೇತ್ರದಲ್ಲಿ ಶಿಕ್ಷಕರನ್ನು ತಯಾರಿಸುವ ವಿಚಾರವನ್ನು ವ್ಯವಸ್ಥಿತವಾಗಿ ಕೈಗೊಂಡವರು ಪಂಡಿತ ವಿಷ್ಣು ದಿಗಂಬರ ಪಲುಸ್ಕರರು. 1872ರಲ್ಲಿ ಕುರುಂದವಾಡದಲ್ಲಿ ಜನಿಸಿ, ಮಿರಜಿನಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರಲ್ಲಿ ಕಲಿತ ಅವರು ಬೆಳಗಾವಿಯ ನೆರೆಸೀಮೆಯವರೇ. 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದಾಗ, ಸಾಮಾನ್ಯ ತರಗತಿಗಳ ಜೊತೆಗೆ 'ಉಪದೇಶಕ ವರ್ಗ'ಕ್ಕೂ ಅಲ್ಲಿ ಸ್ಥಾನ ದೊರೆಯಿತು. ಆಯ್ದ ವಿದ್ಯಾರ್ಥಿಗಳು ಹಲವು ವರ್ಷ ಅಲ್ಲಿಯೇ ನಿಂತು ಕಲಿತು, ಆಮೇಲೆ ಊರೂರಿಗೆ ಹೋಗಿ ಕಲಿಸಬೇಕೆಂಬುದು ಅದರ ಉದ್ದೇಶ. ಗಾಯಕರನ್ನು ತಯಾರಿಸುವುದರೊಂದಿಗೆ ಗಾಯನವನ್ನು ಕಲಿಸುವವರನ್ನೂ ತಯಾರಿಸಬೇಕೆಂಬ ತಿಳಿವಳಿಕೆ ಆ ಕಾಲಕ್ಕೆ ಹೊಸದಾಗಿತ್ತು.

ಈ ಪರಂಪರೆಯ ಫಲ ಬೆಳಗಾವಿಗೂ ತಲುಪಿತು. ಪಲುಸ್ಕರರ ಶಿಷ್ಯರಾದ ಬಿ. ಆರ್. ದೇವಧರರು 1925ರಲ್ಲಿ ಮುಂಬಯಿಯಲ್ಲಿ ಸಂಗೀತ ಶಾಲೆಯನ್ನು ತೆರೆದರು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ, ಅಂದರೆ ಕುಮಾರ ಗಂಧರ್ವರು, ಬಾಲಕನಾಗಿದ್ದಾಗಲೇ ಆ ಶಾಲೆಯನ್ನು ಸೇರಿದರು. ಮುಂದೆ ಮಾಳವದ ದೇವಾಸದಲ್ಲಿ ನೆಲೆಸಿದ ಅವರು ಅಲ್ಲಿಯ ಜನಪದ ಧಾಟಿಗಳನ್ನು ಸಂಗ್ರಹಿಸಿ, ಅವುಗಳಿಂದ ಹೊಸ ರಾಗಗಳನ್ನು ರೂಪಿಸಿದರು. ರಾಗದ ಬೇರು ಜನಪದ ಧಾಟಿಯಲ್ಲಿದೆಯೆಂಬ ಅವರ ನಿಲುವು, ಶಾಲೆಯಲ್ಲಿ ಸಂಗೀತವನ್ನು ಎಲ್ಲಿಂದ ಆರಂಭಿಸಬೇಕೆಂಬ ಪ್ರಶ್ನೆಗೂ ಉತ್ತರದಂತಿದೆ.

ಮಕ್ಕಳ ಸಾಮೂಹಿಕ ಗಾಯನಕ್ಕೆ ಸಾರ್ವಜನಿಕ ಗೌರವ ತಂದ ಸಂದರ್ಭಗಳಲ್ಲಿ 1924ರ ಡಿಸೆಂಬರಿನ ಬೆಳಗಾವಿ ಕಾಂಗ್ರೆಸ್ ಅಧಿವೇಶನವೂ ಒಂದು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಆ ಅಧಿವೇಶನದಲ್ಲಿ ಸ್ವಾಗತ ಗೀತೆ ಹಾಡಿದ ಮಕ್ಕಳಲ್ಲಿ, ಆಗ ಹನ್ನೊಂದು ವರ್ಷದವರಾಗಿದ್ದ ಗಂಗೂಬಾಯಿ ಹಾನಗಲ್ ಅವರೂ ಇದ್ದರು. ಗಾಂಧೀಜಿಯವರಿಗೆ ಸಂಗೀತವು ಶಿಕ್ಷಣದ ಅಲಂಕಾರವಾಗಿರದೆ ಅಂಗವಾಗಿತ್ತು. ಪಲುಸ್ಕರರ ಶಿಷ್ಯರಾದ ನಾರಾಯಣ ಮೋರೇಶ್ವರ ಖರೆಯವರು ಸಾಬರಮತಿ ಆಶ್ರಮದಲ್ಲಿ ಎಲ್ಲರಿಗೂ ಹಾಡು ಕಲಿಸಿದರು. ವರ್ಧಾ ಶಿಕ್ಷಣ ಯೋಜನೆಗಾಗಿ ಜಾಕಿರ್ ಹುಸೇನ್ ಸಮಿತಿ ಸಿದ್ಧಪಡಿಸಿದ ಪಠ್ಯಕ್ರಮದಲ್ಲಿಯೂ ಸಂಗೀತಕ್ಕೆ ಸ್ಥಾನವಿತ್ತು.

ಪರೀಕ್ಷೆ ಮತ್ತು ತರಗತಿ

1931ರಲ್ಲಿ ಪಲುಸ್ಕರರು ನಿಧನರಾದ ನಂತರ ಅವರ ಶಿಷ್ಯರು ಗಾಂಧರ್ವ ಮಹಾವಿದ್ಯಾಲಯ ಮಂಡಲವನ್ನು ಸಂಘಟಿಸಿದರು. ಪ್ರಾರಂಭಿಕದಿಂದ ಅಲಂಕಾರದವರೆಗಿನ ಅದರ ಪರೀಕ್ಷೆಗಳು ಬೆಳಗಾವಿ, ಧಾರವಾಡ ಭಾಗದ ಮನೆಮನೆಗೆ ಪರಿಚಿತವಾದವು. ಕರ್ನಾಟಕದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿಯೂ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ನಡೆಸಿಕೊಂಡು ಬಂದಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳ ಮತ್ತು ಪುಟ್ಟರಾಜ ಗವಾಯಿಗಳ ಬಳಿ ಕಲಿತ ಅನೇಕರು ಉತ್ತರ ಕರ್ನಾಟಕದಾದ್ಯಂತ ಸಂಗೀತ ಶಿಕ್ಷಕರಾದರು. ಅವರಲ್ಲಿ ಅಂಧರೂ ಇದ್ದರು. ಪುಸ್ತಕದ ಹಂಗಿಲ್ಲದೆ ಕಿವಿಯಿಂದ ಕಲಿತು ಕಿವಿಗೇ ಕಲಿಸಿದವರು ಅವರು.

ಪರೀಕ್ಷಾ ಪದ್ಧತಿಯಿಂದ ಸಂಗೀತ ಕಲಿಕೆಗೆ ಶಿಸ್ತು ಮತ್ತು ಸಾಮಾಜಿಕ ಮನ್ನಣೆ ದೊರೆತವು ನಿಜ. ಆದರೆ ಶುಲ್ಕ ಕೊಟ್ಟು ಸಂಜೆಯ ವರ್ಗಕ್ಕೆ ಹೋಗಬಲ್ಲ ಮಕ್ಕಳಷ್ಟೇ ಅದರ ವ್ಯಾಪ್ತಿಗೆ ಬಂದರು. ಹಮಾಲರ, ಕೂಲಿಕಾರರ, ಕಾಡಂಚಿನ ಗೌಳಿಗರ ಮಕ್ಕಳಿಗೆ ಸಂಗೀತ ದೊರೆಯಬೇಕಾದರೆ ಅದು ಪ್ರಾಥಮಿಕ ಶಾಲೆಯಲ್ಲಿಯೇ ದೊರೆಯಬೇಕು. ಅಲ್ಲಿ ಸಂಗೀತಕ್ಕೆಂದೇ ಪ್ರತ್ಯೇಕ ಶಿಕ್ಷಕರು ಇರುವುದು ವಿರಳ. ಗಣಿತ ಹೇಳಿಕೊಡುವವರೇ ಹಾಡನ್ನೂ ಹೇಳಿಕೊಡಬೇಕು. ಆದ್ದರಿಂದ ಮಕ್ಕಳ ಸಂಗೀತ ಶಿಕ್ಷಣದ ಪ್ರಶ್ನೆ ಅಂತಿಮವಾಗಿ ಸಾಮಾನ್ಯ ಶಿಕ್ಷಕರ ತಯಾರಿಯ ಪ್ರಶ್ನೆಯೇ ಆಗಿದೆ.

1994ರ ನಂತರದ ಕಮ್ಮಟಗಳು

ಈ ದಿಕ್ಕಿನಲ್ಲಿ ಒಂದು ತಿರುವು ಬಂದುದು ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದೊಂದಿಗೆ. 1994ರಲ್ಲಿ ಅದರ ಮೊದಲ ಹಂತಕ್ಕೆ ಕರ್ನಾಟಕದಿಂದ ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ಕೋಲಾರ, ಮಂಡ್ಯ, ರಾಯಚೂರುಗಳೊಡನೆ ಬೆಳಗಾವಿಯೂ ಒಂದಾಗಿತ್ತು. ತಾಲ್ಲೂಕು ಮಟ್ಟದ ಸಂಪನ್ಮೂಲ ಕೇಂದ್ರಗಳು, ಅವುಗಳ ಕೆಳಗೆ ಕೆಲವು ಶಾಲೆಗಳಿಗೊಂದರಂತೆ ಸಮೂಹ ಸಂಪನ್ಮೂಲ ಕೇಂದ್ರಗಳು ರೂಪುಗೊಂಡವು. ಸೇವಾನಿರತ ಶಿಕ್ಷಕರ ತರಬೇತಿಗಳಲ್ಲಿ ಅಭಿನಯ ಗೀತೆ, ಕಥೆ, ಆಟಗಳು ಸೇರಿಕೊಂಡವು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ 2009-10ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿದ 'ನಲಿ-ಕಲಿ' ಪದ್ಧತಿ ಹಾಡನ್ನು ತರಗತಿಯ ದಿನಚರಿಯೊಳಗೆ ತಂದಿತು. ನಡುವಯಸ್ಸಿನ ಶಿಕ್ಷಕರು ಬೆಂಚು ಬಿಟ್ಟೆದ್ದು, ವೃತ್ತವಾಗಿ ನಿಂತು, ಚಪ್ಪಾಳೆ ತಟ್ಟಿ ಹಾಡಿದ್ದು ಸಣ್ಣ ಬದಲಾವಣೆಯಲ್ಲ. ಶಿಕ್ಷಕರ ಸಂಕೋಚ ಕಳೆಯದೆ ಮಕ್ಕಳ ಸಂಕೋಚ ಕಳೆಯುವುದಿಲ್ಲ.

ಆದರೂ ಈ ತರಬೇತಿಗಳಲ್ಲಿ ಎರಡು ಕೊರತೆಗಳು ಉಳಿದವು. ಮೊದಲನೆಯದು ಹಂತಹಂತವಾಗಿ ಇಳಿಯುವ ತರಬೇತಿಯ ಕ್ರಮಕ್ಕೆ ಸಂಬಂಧಿಸಿದ್ದು. ರಾಜ್ಯಮಟ್ಟದಲ್ಲಿ ಕಲಿತವರು ಜಿಲ್ಲೆಗೆ, ಜಿಲ್ಲೆಯವರು ತಾಲ್ಲೂಕಿಗೆ, ತಾಲ್ಲೂಕಿನವರು ಶಿಕ್ಷಕರಿಗೆ ದಾಟಿಸುವ ಈ ಕ್ರಮದಲ್ಲಿ ಮಾಹಿತಿ ತಕ್ಕಮಟ್ಟಿಗೆ ಉಳಿಯಬಹುದು, ಸ್ವರ ಉಳಿಯುವುದಿಲ್ಲ. ಪ್ರತಿ ಹಂತದಲ್ಲಿಯೂ ಧಾಟಿ ಸವೆದು, ಕೊನೆಗೆ ತರಗತಿಗೆ ಮುಟ್ಟುವುದು ಗಟ್ಟಿ ದನಿಯ ಘೋಷಣೆ. ಎರಡನೆಯದು ಶ್ರುತಿಗೆ ಸಂಬಂಧಿಸಿದ್ದು. ಪೇಟಿ ಮಾಸ್ತರ ಹಾಡುವವನ ಕಂಠವನ್ನು ಮೊದಲು ಕೇಳಿ, ಅದಕ್ಕೆ ಹೊಂದುವ ಕಪ್ಪು ಅಥವಾ ಬಿಳಿ ಪಟ್ಟಿಯನ್ನು ಆರಿಸಿಕೊಳ್ಳುತ್ತಾನೆ. ತರಗತಿಯಲ್ಲಿ ಗಂಡು ದನಿಯ ಶಿಕ್ಷಕರು ತಮಗೆ ಅನುಕೂಲವಾದ ತಗ್ಗು ಶ್ರುತಿಯಲ್ಲಿ ಹಾಡಿದಾಗ, ಮಕ್ಕಳ ಎತ್ತರದ ದನಿ ಅಲ್ಲಿಗೆ ಇಳಿಯಲಾರದೆ ಬೇಸುರಾಗುತ್ತದೆ. ತಪ್ಪು ಮಗುವಿನದೆಂದು ತೀರ್ಮಾನವಾಗುತ್ತದೆ. 'ನಿನಗೆ ಹಾಡು ಬರುವುದಿಲ್ಲ' ಎಂಬ ಆ ಮಾತನ್ನು ಮಗು ಜೀವನಪೂರ್ತಿ ನಂಬುವುದುಂಟು.

2022ರಲ್ಲಿ ರಾಜ್ಯ ಸರ್ಕಾರವು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡುಗಳಲ್ಲಿ ನಾಡಗೀತೆಯನ್ನು ಹಾಡಬೇಕೆಂದು ನಿಗದಿಪಡಿಸಿತು. ಅವಧಿಯನ್ನು ಆದೇಶದಿಂದ ಗೊತ್ತುಪಡಿಸಬಹುದು. ಅದನ್ನು ಸಾಧಿಸುವ ಲಯ ಶಿಕ್ಷಕರ ಕೈಗೆ ಹತ್ತಬೇಕು. ಅದಿಲ್ಲದಿದ್ದಾಗ ಧ್ವನಿವರ್ಧಕದಲ್ಲಿ ಮುದ್ರಿತ ಹಾಡು ಹಾಕಿ ಮಕ್ಕಳನ್ನು ಸುಮ್ಮನೆ ನಿಲ್ಲಿಸುವುದೇ ಸುಲಭದ ದಾರಿಯಾಗುತ್ತದೆ.

ಗಡಿಯ ತರಗತಿಗೆ ತಕ್ಕ ಕಮ್ಮಟ

ಬೆಳಗಾವಿ ಮತ್ತು ಖಾನಾಪುರಗಳಲ್ಲಿ ಕನ್ನಡ, ಮರಾಠಿ, ಉರ್ದು ಮಾಧ್ಯಮದ ಶಾಲೆಗಳು ಅಕ್ಕಪಕ್ಕದಲ್ಲಿವೆ. ಪದಗಳು ಬೇರೆಯಾದರೂ ಹಾಡಿನ ರಚನೆಯಲ್ಲಿ ಇವು ನೆರೆಹೊರೆಯವು. ಕನ್ನಡದ ತ್ರಿಪದಿ ಮತ್ತು ಮರಾಠಿಯ ಓವಿ ಎರಡೂ ಬೀಸುಕಲ್ಲಿನ ಮುಂದೆ ಬೆಳೆದವು. ಭಜನೆಯ ಎಂಟು ಮಾತ್ರೆಯ ನಡೆ ಎರಡೂ ಭಾಷೆಯ ಭಜನಾ ಮಂಡಳಿಗಳಿಗೆ ಸಮಾನ. ಲೇಜಿಮ್ ಹಿಡಿದು ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕುವ ಮಗುವಿಗೆ ಯಾವ ಭಾಷೆಯ ತೊಡಕೂ ಇಲ್ಲ. ಶಿಕ್ಷಕರ ಕಮ್ಮಟ ಈ ಸಮಾನ ಲಯಗಳಿಂದ ಆರಂಭವಾದರೆ ಮೂರೂ ಮಾಧ್ಯಮದ ಶಿಕ್ಷಕರು ಒಂದೇ ವೃತ್ತದಲ್ಲಿ ನಿಲ್ಲಬಹುದು.

ಹಂಗೆರಿಯ ಜೊಲ್ಟಾನ್ ಕೊಡಾಯ್ ಅವರ ಅನುಭವವೂ ಇದನ್ನೇ ಸಮರ್ಥಿಸುತ್ತದೆ. 1905ರಿಂದ ಹಳ್ಳಿಗಳಲ್ಲಿ ಜನಪದ ಗೀತೆಗಳನ್ನು ಸಂಗ್ರಹಿಸಿದ ಅವರು, ಆ ಹಾಡುಗಳೇ ಮಕ್ಕಳ ಸಂಗೀತದ ಮಾತೃಭಾಷೆಯೆಂದು ಪ್ರತಿಪಾದಿಸಿದರು. ಅವರ ಪದ್ಧತಿಯಲ್ಲಿ ಶಿಕ್ಷಕರು ಸ್ವತಃ ಹಾಡಬಲ್ಲವರಾಗಿರಬೇಕಾದುದು ಮೊದಲ ಅರ್ಹತೆ. ಜರ್ಮನಿಯ ಕಾರ್ಲ್ ಓರ್ಫ್ ಅವರು ಚಪ್ಪಾಳೆ, ಹೆಜ್ಜೆ, ಸರಳ ತಾಳವಾದ್ಯಗಳಿಂದ ಆರಂಭಿಸಿದರು. ಇವರ ವಿಧಾನಗಳನ್ನು ಇಂದಿನ ತರಬೇತಿಗಳು ಹೊಸ ಸಂಗತಿಯೆಂದು ಪರಿಚಯಿಸುವಾಗ, ಹಿಮ್ಮೇಳದ ಅಂಚಿನಲ್ಲಿ ತಾಳ ಹಿಡಿದು ಕುಳಿತ ನಮ್ಮ ಹುಡುಗನನ್ನು ಮರೆಯಬಾರದು.

ತಾಲೀಮಿನಿಂದ ಕಮ್ಮಟ ಕಲಿಯಬೇಕಾದುದು ಮುಖ್ಯವಾಗಿ ಮೂರು. ತಾಲೀಮು ಒಂದು ದಿನಕ್ಕೆ ಮುಗಿಯುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ಐದು ದಿನ ಕೂಡುವುದಕ್ಕಿಂತ ಸಮೂಹ ಕೇಂದ್ರದ ಸಭೆಗಳಲ್ಲಿ ತಿಂಗಳಿಗೊಂದು ಹಾಡನ್ನು ಗಟ್ಟಿಮಾಡುವುದು ಫಲಕಾರಿ. ತಾಲೀಮಿನಲ್ಲಿ ಕಲಿಸುವವನು ಹಾಡುಗಾರನೇ. ಆದ್ದರಿಂದ ಪಾರಿಜಾತ, ಚೌಡಕಿ, ಭಜನೆಯ ಹಿರಿಯ ಕಲಾವಿದರು ಉದ್ಘಾಟನೆಯ ವೇದಿಕೆಗೆ ಮೀಸಲಾಗದೆ ಸಂಪನ್ಮೂಲ ವ್ಯಕ್ತಿಗಳಾಗಿ, ತಕ್ಕ ಗೌರವಧನದೊಂದಿಗೆ ಶಿಕ್ಷಕರ ನಡುವೆ ಕೂರಬೇಕು. ತಾಲೀಮಿನಲ್ಲಿ ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ. ದನಿ ಕೂಡದವನಿಗೂ ಒಂದು ವಾದ್ಯವುಂಟು.

'ಕಮ್ಮಟ' ಎಂಬ ಪದಕ್ಕೆ ಹಳಗನ್ನಡದಲ್ಲಿ ಟಂಕಸಾಲೆಯೆಂಬ ಅರ್ಥವಿದೆ. ಒಂದೇ ಅಚ್ಚಿನ ನಾಣ್ಯಗಳನ್ನು ಹೊರತರುವುದು ಅಲ್ಲಿಯ ಕೆಲಸ. ಸಂಗೀತದ ಕಮ್ಮಟಕ್ಕೆ ಆ ಅರ್ಥ ಪೂರ್ಣವಾಗಿ ಹೊಂದದು. ಖಾನಾಪುರದ ಶಾಲೆಯ ಹಾಡು ಸವದತ್ತಿಯ ಶಾಲೆಯ ಹಾಡಿನಂತೆಯೇ ಇರಬೇಕಾಗಿಲ್ಲ. ಎರಡೂ ಕಡೆ ಶಿಕ್ಷಕರು ಹಾಡಬೇಕು, ಮಕ್ಕಳು ತಮ್ಮ ಶ್ರುತಿಯಲ್ಲಿ ದನಿಗೂಡಿಸಬೇಕು. ಊರಿನ ಮಾಸ್ತರನೂ ಶಾಲೆಯ ಮಾಸ್ತರನೂ ಮತ್ತೆ ಒಂದೆಡೆ ಕೂಡುವುದು ಅದಕ್ಕೆ ಮೊದಲ ಹೆಜ್ಜೆ. ಧಾಟಿಗಳನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಆ ಕೆಲಸ ನಡೆಯಬೇಕಾಗಿದೆ.